ಎಲೆ ಸಿಪ್ಪೆಯಲ್ಲಿ ಪತ್ರರಂಧ್ರ ಕಾಣದಿದ್ದರೆ
ಎಲೆಯ ಸಿಪ್ಪೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಲೈಡ್ ತುಂಬ ಬರೀ ಹಸಿರು, ಪತ್ರರಂಧ್ರ (ಎಲೆಗೆ ಗಾಳಿಯಾಡುವ ಸಣ್ಣ ತೂತು) ಒಂದೂ ಇಲ್ಲ ಅಂತ ಕೇಳಿದ್ದಿರಲ್ಲ, ಸಿಪ್ಪೆ ದಪ್ಪ ಬಂದಿರಬೇಕು. ಎಲೆಯ ಹೊರಪದರ ಸಾಮಾನ್ಯವಾಗಿ ಒಂದೇ ಸಾಲು ಜೀವಕೋಶ, ರಂಧ್ರದ ಅಕ್ಕಪಕ್ಕದ ಕೋಶಗಳನ್ನು ಬಿಟ್ಟರೆ ಅದಕ್ಕೆ ಹಸಿರು ಬಣ್ಣ ಇರುವುದಿಲ್ಲ. ಹಾಗಾಗಿಯೇ ಬೆಳಕು ಒಳಗೆ ಇಳಿಯುತ್ತದೆ. ಎಲ್ಲೆಡೆ ಹಸಿರು ಕಂಡರೆ ಒಳಗಿನ ತಿರುಳೂ ಅಂಟಿಕೊಂಡು ಬಂದಿದೆ ಅಂತಲೇ ಅರ್ಥ.

ಮೇಲ್ಭಾಗದಿಂದ ತೆಗೆದಿದ್ದರೆ ಅದೂ ಒಂದು ಕಾರಣ ಇರಬಹುದು. ಯಾವ ಗಿಡ ಅಂತ ನೀವು ಹೇಳಿಲ್ಲ, ಆದರೆ ಎಷ್ಟೋ ಮರಗಳ ಎಲೆಯಲ್ಲಿ ರಂಧ್ರಗಳು ಕೆಳಗಡೆ ಮಾತ್ರ ಇರುತ್ತವೆ. ನೀರಿನ ಮೇಲೆ ತೇಲುವ ಎಲೆಗಳದ್ದು ಇದಕ್ಕೆ ಉಲ್ಟಾ!

ರಿಯೋ (ಎಲೆಯ ಕೆಳಭಾಗ ನೇರಳೆ ಇರುವ ಅಲಂಕಾರದ ಗಿಡ) ಎಲೆ ಸಿಕ್ಕರೆ ಅದನ್ನೇ ತಗೊಳ್ಳಿ, ಕೆಳಗಿನ ನೇರಳೆ ಪದರ ಸಲೀಸಾಗಿ ಬರುತ್ತದೆ. ಎಲೆ ಮಡಚಿ ಓರೆಯಾಗಿ ಹರಿಯಿರಿ. ಅಂಚಿನಲ್ಲಿ ಉಳಿಯುವ ತೆಳು ಪೊರೆಯನ್ನು ಚಿಮುಟದಿಂದ ಎಳೆದು ತಕ್ಷಣ ನೀರಿಗೆ ಹಾಕಿ, ಒಣಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಸಣ್ಣ ಚೂರು ಕತ್ತರಿಸಿ ಒಂದು ಹನಿ ನೀರಿನಲ್ಲಿ ಹರಡಿ. ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್ಪನ್ನು ಒಂದು ಬದಿಯಿಂದ ನಿಧಾನಕ್ಕೆ ಇಳಿಸಿ. ಸುಮ್ನೆ ಮೇಲಿಂದ ಬಿಟ್ಟರೆ ಗಾಳಿಗುಳ್ಳೆ ಜಾಸ್ತಿ, ಅದನ್ನೇ ರಂಧ್ರ ಅಂದುಕೊಳ್ಳುತ್ತೀರಿ.

ಮೊದಲು 10 ಪಟ್ಟಿನ ಲೆನ್ಸಿನಲ್ಲಿ ನೋಡಿ. ನೇರಳೆಯ ನಡುವೆ ಹಸಿರು ಚುಕ್ಕೆಗಳಿರುವ, ಎದುರುಬದುರು ಬಾಗಿದ ಎರಡು ಕೋಶ ಹುಡುಕಿ. ಅವೇ ಕಾವಲು ಕೋಶಗಳು, ನಡುವಿನ ಸೀಳೇ ರಂಧ್ರ. ಸೀಳು ಮುಚ್ಚಿದ್ದರೆ, ನೀರು ಹಾಕಿ ಬೆಳಕಿನಲ್ಲಿಟ್ಟ ಗಿಡದಿಂದ ಹೊಸ ಎಲೆ ತೆಗೆಯಿರಿ.