ನಿಲ್ಲದ ಎರಡನೇ ಗೇರ್: ಹಳೆಯ ಬೈಕ್‌ಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಂದೆಯವರು ಕೊಂಡಿದ್ದ ಯೆಜ್ಡಿ ಕ್ಲಾಸಿಕ್ ಇಂದಿಗೂ ನಮ್ಮ ಮನೆಯಲ್ಲಿ ಓಡುತ್ತಿದೆ. ಆದರೆ ಏರು ದಾರಿಯಲ್ಲಿ ಎಕ್ಸಿಲರೇಟರ್ ಕೊಟ್ಟ ಕೂಡಲೇ ಎರಡನೇ ಗೇರ್ ತಾನಾಗಿಯೇ ಹಾರಿ ನ್ಯೂಟ್ರಲ್ ಆಗುತ್ತದೆ. ಗೇರ್‌ಗೆ ವೆಲ್ಡಿಂಗ್ ತುಂಬಿ ತಿಕ್ಕಿ ಕೊಡುವುದಾಗಿ ಮೆಕ್ಯಾನಿಕ್ ಹೇಳುತ್ತಾರೆ. ಒಪ್ಪಬಹುದೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ವೆಲ್ಡಿಂಗ್‌ಗೆ ಒಪ್ಪಬೇಡಿ. ಎಂಜಿನ್ ಇಳಿಸುವುದಕ್ಕೂ ಸದ್ಯಕ್ಕೆ ಅವಸರ ಬೇಡ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ತಯಾರಾದ ಈ 250 ಸಿಸಿ ಬೈಕ್‌ಗಳಲ್ಲಿ ಗೇರ್ ಬಾಕ್ಸ್ ಬೇರೆ ಪೆಟ್ಟಿಗೆಯಲ್ಲ, ಎಂಜಿನ್‌ನ ಕೆಳಗಿನ ಕವಚವಾದ ಕ್ರ್ಯಾಂಕ್ ಕೇಸಿನ ಹಿಂಭಾಗದಲ್ಲೇ ಅಡಗಿರುತ್ತದೆ. ಒಂದೇ ಒಂದು ಗೇರ್ ನೋಡಬೇಕೆಂದರೂ ಎಂಜಿನ್ ಇಳಿಸಿ, ಕೇಸನ್ನು ಎರಡು ಹೋಳಾಗಿ ಬಿಡಿಸಬೇಕಾಗುತ್ತದೆ. ಅಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುವ ಮುನ್ನ ಹೊರಗಿನಿಂದ ತಿಳಿಯಬಹುದಾದುದನ್ನೆಲ್ಲ ತಿಳಿದುಕೊಳ್ಳುವುದು ಒಳ್ಳೆಯದು.

ಗೇರ್ ಯಾವಾಗ ಹಾರುತ್ತದೆ ಎಂಬುದನ್ನು ಗಮನಿಸಿ. ಹಾಕಿದ ಮರುಕ್ಷಣವೇ ಹೊರಬರುತ್ತಿದ್ದರೆ ಗೇರ್ ಪೂರ್ತಿ ಕೂತಿಲ್ಲವೆಂದು ಅರ್ಥ. ಆಗ ಗೇರ್ ಲಿವರ್ ತನ್ನ ಶಾಫ್ಟಿನ ಮೇಲೆ ಸಡಿಲವಾಗಿ ಅಲುಗಾಡುತ್ತಿದೆಯೇ, ಕ್ಲಚ್ ಹೊಂದಾಣಿಕೆ ಸರಿಯಾಗಿದೆಯೇ ಎಂದು ಮೊದಲು ನೋಡಬೇಕು. ಈ ಬೈಕ್‌ಗಳಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡಿಸಿಕೊಳ್ಳುವ ಏರ್ಪಾಡು ಇರುವುದರಿಂದ, ಹೊಂದಾಣಿಕೆ ತಪ್ಪಿದರೆ ಕ್ಲಚ್ ಅರೆಬರೆ ಬಿಟ್ಟು ಗೇರ್ ಕರ್ರೆಂದು ಉಜ್ಜಿಕೊಂಡು ಬೀಳುತ್ತದೆ. ವರ್ಷಗಟ್ಟಲೆ ಹಾಗೆ ಉಜ್ಜಿಕೊಂಡೇ ಒಳಗಿನ ಭಾಗ ಸವೆಯುತ್ತದೆ. ನೀವು ಬರೆದಿರುವಂತೆ ಎಂಜಿನ್ ಎಳೆಯುವಾಗ ಮಾತ್ರ ಹಾರುತ್ತಿದ್ದರೆ ದೋಷ ಒಳಗಿದೆ ಎಂದೇ ತಿಳಿಯಬೇಕು. ಇಳಿಜಾರಿನಲ್ಲಿ ಎಕ್ಸಿಲರೇಟರ್ ಬಿಟ್ಟಾಗಲೂ ಹಾರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಹಾರಿದರೆ ಸವೆತ ಎರಡೂ ಮುಖಗಳಲ್ಲಿದೆ.

ಯಾವ ಮುಖ ಎಂದರೆ, ಗೇರ್‌ನ ಸುತ್ತಲಿನ ಹಲ್ಲುಗಳದ್ದಲ್ಲ. ಅವು ಎದುರಿನ ಗೇರ್‌ನೊಂದಿಗೆ ಸದಾ ಕೂಡಿಕೊಂಡೇ ತಿರುಗುತ್ತಿರುತ್ತವೆ. ಗೇರ್ ಬೀಳುವುದೆಂದರೆ, ಅದರ ಪಕ್ಕದಲ್ಲಿರುವ ದಪ್ಪ ಗೂಟಗಳಂಥ ಡಾಗ್‌ಗಳು ನೆರೆಯ ಗೇರ್‌ನ ಡಾಗ್‌ಗಳ ನಡುವೆ ಹೋಗಿ ಸಿಕ್ಕಿಕೊಳ್ಳುವುದು. ಈ ಡಾಗ್‌ಗಳ ಅಂಚು ಚೂಪಾಗಿದ್ದರೆ ಭಾರ ಬಿದ್ದಷ್ಟೂ ಹಿಡಿತ ಉಳಿಯುತ್ತದೆ. ಅಂಚು ದುಂಡಗಾದರೆ ಅದೇ ಭಾರ ಅವನ್ನು ಒಂದರಿಂದೊಂದು ಹೊರದೂಡುತ್ತದೆ. ಗೇರನ್ನು ಸರಿಸುವ ಫೋರ್ಕ್ ಬಾಗಿದ್ದರೆ ಅಥವಾ ಅದರ ತುದಿ ಸವೆದಿದ್ದರೆ, ಡಾಗ್‌ಗಳು ಹೊಸದಾಗಿದ್ದರೂ ಅರ್ಧಕ್ಕಷ್ಟೇ ಕೂತು ಬೇಗನೆ ಹಾಳಾಗುತ್ತವೆ. ಫೋರ್ಕಿನ ತುದಿ ನೀಲಿಗಟ್ಟಿದ್ದರೆ ಅದು ಉಜ್ಜಿಕೊಂಡು ಕಾದಿರುವುದರ ಗುರುತು. ಗೇರನ್ನು ತನ್ನ ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗ್ ಸೋತಿರಬಹುದು, ಬೇರಿಂಗ್ ಸಡಿಲವಾಗಿ ಶಾಫ್ಟ್ ಓಲಾಡುತ್ತಿರಬಹುದು. ಆದ್ದರಿಂದ ಗೇರ್ ಮಾತ್ರ ಬದಲಿಸಿ ಫೋರ್ಕನ್ನು ನೋಡದೆ ಕೇಸ್ ಮುಚ್ಚಿದರೆ ಹಣವೂ ಶ್ರಮವೂ ವ್ಯರ್ಥ.

ಇನ್ನು ವೆಲ್ಡಿಂಗ್ ವಿಚಾರ. ಗೇರ್‌ನ ಮೇಲ್ಪದರವನ್ನು ವಿಶೇಷವಾಗಿ ಕಾಯಿಸಿ ಗಡುಸು ಮಾಡಿರುತ್ತಾರೆ. ಒಳಭಾಗ ಪೆಟ್ಟು ತಾಳುವಷ್ಟು ಮೆದುವಾಗಿರುತ್ತದೆ. ವೆಲ್ಡಿಂಗ್ ಶಾಖಕ್ಕೆ ಆ ಗಡುಸುತನ ಹೋಗುತ್ತದೆ, ತುಂಬಿದ ಲೋಹ ಚಕ್ಕೆಚಕ್ಕೆಯಾಗಿ ಕಿತ್ತು ಬರುತ್ತದೆ. ಆ ಚಕ್ಕೆಗಳು ಎಣ್ಣೆಯಲ್ಲಿ ಸುತ್ತುತ್ತ ಬೇರಿಂಗ್‌ಗಳನ್ನೂ ಕೆಡಿಸುತ್ತವೆ. ಸವೆದ ಗೇರ್‌ನ ಜೊತೆಗೆ, ಅದು ಸಿಕ್ಕಿಕೊಳ್ಳುವ ನೆರೆಯ ಗೇರನ್ನೂ ಜೋಡಿಯಾಗಿಯೇ ಬದಲಿಸಿ. ಮೂಲ ಕಾರ್ಖಾನೆ 1996ರಲ್ಲಿ ಮುಚ್ಚಿದ್ದರಿಂದ ಹಳೆಯ ಎಂಜಿನ್‌ಗಳಿಂದ ಬಿಚ್ಚಿದ ಬಿಡಿಭಾಗಗಳನ್ನೋ ಹೊಸದಾಗಿ ಮಾಡಿ ಮಾರುವವನ್ನೋ ಹುಡುಕಬೇಕಾಗುತ್ತದೆ. ಹಳೆಯದಾದರೂ ಡಾಗ್ ಅಂಚು ಚೂಪಾಗಿರುವ ಮೂಲ ಗೇರ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. 2018ರ ನಂತರ ಮಾರುಕಟ್ಟೆಗೆ ಬಂದ ಜಾವಾ ನಿಮ್ಮದರಂತೆ ಟೂ ಸ್ಟ್ರೋಕ್ ಅಲ್ಲ, ಬೇರೆಯೇ ಎಂಜಿನ್ ಇರುವ ಫೋರ್ ಸ್ಟ್ರೋಕ್ ಬೈಕ್ ಆಗಿರುವುದರಿಂದ ಅದರ ಗೇರ್‌ಗಳು ಇದಕ್ಕೆ ಹೊಂದುವುದಿಲ್ಲ.

ಕೇಸ್ ಬಿಡಿಸುವಾಗ ಸಂದಿಗೆ ಸ್ಕ್ರೂ ಡ್ರೈವರ್ ತೂರಿಸಿ ಮೀಟಲು ಯಾರಿಗೂ ಬಿಡಬೇಡಿ. ಅಲ್ಯೂಮಿನಿಯಂ ಮುಖಕ್ಕೆ ಗಾಯವಾದರೆ ಎಷ್ಟು ಪ್ಯಾಕಿಂಗ್ ಹಾಕಿದರೂ ಎಣ್ಣೆ ಸೋರುತ್ತದೆ. ಕ್ಲಚ್ಚಿನ ನಡುವಿನ ಹಬ್ ತೆಗೆಯಲು ಪುಲ್ಲರ್ (ಎಳೆದು ಬಿಡಿಸುವ ಉಪಕರಣ) ಬಳಸಲೇಬೇಕು. ಬೇರಿಂಗ್ ತೆಗೆಯಲು ಸುತ್ತಿಗೆಯ ಬದಲು ಕೇಸನ್ನು ಸುಮಾರು 100 ಡಿಗ್ರಿಗೆ ಸಮನಾಗಿ ಕಾಯಿಸಿ. ಅಲ್ಯೂಮಿನಿಯಂ ಉಕ್ಕಿಗಿಂತ ಸರಿಸುಮಾರು ಎರಡರಷ್ಟು ಹಿಗ್ಗುವುದರಿಂದ ಬೇರಿಂಗ್ ಸುಲಭವಾಗಿ ಬಿಟ್ಟುಕೊಡುತ್ತದೆ. ಬೇರಿಂಗ್‌ನ ಅಂಚಿನಲ್ಲಿ ಕೆತ್ತಿದ ಸಂಖ್ಯೆಯನ್ನು ಬರೆದುಕೊಂಡು ಹೋದರೆ, ಅಕ್ಕಿ ಗಿರಣಿಗಳಿಗೆ ಬೇರಿಂಗ್ ಮಾರುವ ನಿಮ್ಮೂರಿನ ಅಂಗಡಿಗಳಲ್ಲೇ ಅದು ಸಿಗುವ ಸಾಧ್ಯತೆ ಇದೆ. ಸಂಖ್ಯೆಯ ಕೊನೆಗೆ ಸಿ3 ಎಂದಿದ್ದರೆ ಅದೇ ಬೇಕೆಂದು ಕೇಳಿ, ಏಕೆಂದರೆ ಬಿಸಿಯಾಗುವ ಜಾಗಕ್ಕೆಂದು ಒಳಗೆ ಹೆಚ್ಚು ಸಡಿಲ ಬಿಟ್ಟ ಬೇರಿಂಗ್ ಅದು. ಕೇಸ್ ಬಿಡಿಸಿದ ಮೇಲೆ ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗಳೆಲ್ಲವನ್ನೂ ಹೊಸದಾಗಿ ಹಾಕಿಸಿ. ಕ್ಲಚ್ಚಿನ ಕಾರ್ಕ್ ಪ್ಲೇಟ್‌ಗಳನ್ನು ಜೋಡಿಸುವ ಮುನ್ನ ಎಣ್ಣೆಯಲ್ಲಿ ನೆನೆಸಿಡಿ.

ಪ್ರಶ್ನೆ: ನನ್ನ ಹಳೆಯ ನಾಲ್ಕು ಗೇರ್‌ಗಳ ಬುಲೆಟ್‌ನಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ನಡುವೆ ನ್ಯೂಟ್ರಲ್ ಸಿಗುತ್ತದೆ. ಗೇರ್ ಬಾಕ್ಸ್ ಪೂರ್ತಿ ಬಿಚ್ಚಬೇಕೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಹೆಚ್ಚಾಗಿ ಬೇಕಾಗುವುದಿಲ್ಲ. ಬಲಗಾಲಿನ ಗೇರ್ ಇರುವ ಈ ಆಲ್ಬಿಯನ್ (ಬ್ರಿಟನ್ನಿನ ಗೇರ್ ಬಾಕ್ಸ್ ಕಂಪನಿ) ಮಾದರಿಯ ಗೇರ್ ಬಾಕ್ಸ್ ಎಂಜಿನ್‌ನಿಂದ ಪ್ರತ್ಯೇಕವಾಗಿದ್ದು, ಲಿವರ್‌ನ ಚಲನೆಯನ್ನು ಮಿತಿಯಲ್ಲಿಡುವ ತಗಡು ಹೊರಗಿನ ಮುಚ್ಚಳದ ಹಿಂದೆಯೇ ಇದೆ. ಅದರ ನಟ್‌ಗಳನ್ನು ಸಡಿಲಿಸಿ, ಲಿವರ್ ಮೇಲಕ್ಕೂ ಕೆಳಕ್ಕೂ ಸಮನಾಗಿ ಚಲಿಸಿ ಹಲ್ಲು ಹಿಡಿಯುವಂತೆ ತಗಡನ್ನು ಸರಿಸಿ ಬಿಗಿ ಮಾಡಿ. ಒಳಗೆ ಯಾರಾದರೂ ಗಟ್ಟಿ ಹಳದಿ ಗ್ರೀಸ್ ತುಂಬಿದ್ದರೆ ತೆಗೆಸಿಬಿಡಿ; ಗೇರ್‌ಗಳು ಅದರಲ್ಲಿ ಹಾದಿ ಕೊರೆದುಕೊಂಡು ಒಣಗಿಯೇ ತಿರುಗುತ್ತವೆ.

ಪ್ರಶ್ನೆ: ನನ್ನ ಜಾವಾದ ಗೇರ್ ಬಾಕ್ಸ್ ಎಣ್ಣೆ ಹೊರಗೆ ಎಲ್ಲೂ ಸೋರದೆ ಕಡಿಮೆಯಾಗುತ್ತಿದೆ, ಸೈಲೆನ್ಸರ್‌ನಲ್ಲಿ ದಟ್ಟ ಬಿಳಿ ಹೊಗೆ ಬರುತ್ತಿದೆ.
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಕ್ಲಚ್ ಬದಿಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಟೂ ಸ್ಟ್ರೋಕ್ ಎಂಜಿನ್‌ನ ಕ್ರ್ಯಾಂಕ್ ಕೋಣೆ ಪ್ರತಿ ಸುತ್ತಿನಲ್ಲೂ ಹೀರುವುದರಿಂದ, ಸವೆದ ಸೀಲಿನ ಮೂಲಕ ಗೇರ್ ಬಾಕ್ಸ್ ಎಣ್ಣೆಯನ್ನು ಎಳೆದುಕೊಂಡು ಸುಡುತ್ತಿದೆ. ಎಣ್ಣೆ ಖಾಲಿಯಾಗಿ ಗೇರ್‌ಗಳು ಹಾಳಾಗುವ ಮೊದಲೇ ಸೀಲ್ ಬದಲಿಸಿ, ಅಲ್ಲಿಯವರೆಗೆ ಬೈಕ್ ಓಡಿಸಬೇಡಿ.