ಹೆರಿಗೆಯ ನಂತರ ಕುದುರೆ ಸವಾರಿಯ ಟ್ರಾಟ್‌ನಲ್ಲಿ ಮೂತ್ರ ಸೋರುವುದು

ಹೆರಿಗೆಯಾಗಿ ಮೂರು ತಿಂಗಳಿಗೆ, ಕುದುರೆ ಕುಲುಕುತ್ತಾ ಓಡುವ ಟ್ರಾಟ್‌ನಲ್ಲಿ ಮೂತ್ರ ಸೋರಿ ಕೆಳಗೆ ಜಗ್ಗಿದಂತಾಗುತ್ತಿದ್ದರೆ, ಬಹುಮಟ್ಟಿಗೆ ಗರ್ಭಕೋಶ, ಮೂತ್ರಚೀಲಗಳನ್ನು ಎತ್ತಿಹಿಡಿಯುವ ಸ್ನಾಯುಗಳು ಸಡಿಲವಾಗಿವೆ. ಕುದುರೆಯ ಜೀನು ಬದಲಿಸಿ ಪ್ರಯೋಜನವಿಲ್ಲ. ಗರ್ಭಕೋಶ ಜಾರಿದೆಯೋ ಎಂಬುದು ಪರೀಕ್ಷೆಯಿಲ್ಲದೆ ಗೊತ್ತಾಗದು. ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ, ಅಲ್ಲಿಯವರೆಗೆ ಕುದುರೆ ಹತ್ತಬೇಡಿ.

ಅವರು ಸರಿ ಅಂದರೆ ಕೀಗಲ್ ವ್ಯಾಯಾಮ ಶುರುಮಾಡಿ: ಮೂತ್ರ, ಗಾಳಿ ಎರಡನ್ನೂ ತಡೆಯುವಂತೆ ಒಳಕ್ಕೆಳೆದು ಹಿಡಿದು, ಪೂರ್ತಿ ಸಡಿಲಿಸಿ. 8 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬೇಡಿ, ತೊಡೆ ಬಿಗಿಯಬೇಡಿ (ಸವಾರರಿಗೆ ಈ ಚಟ ಜಾಸ್ತಿ). ಫಲ ಕಾಣಲು ಸುಮಾರು 3 ತಿಂಗಳು ಹಿಡಿಯಬಹುದು.

ಆಮೇಲೆ ಸಾಧು ಕುದುರೆ, ಬರೀ ವಾಕ್ (ನಿಧಾನ ನಡಿಗೆ). ಸೋರದಿದ್ದರೆ ರೈಸಿಂಗ್ ಟ್ರಾಟ್ (ಕುಲುಕಿಗೆ ತಕ್ಕಂತೆ ಜೀನಿನಿಂದ ಏಳುತ್ತಾ ಕೂರುತ್ತಾ); ಸಿಟ್ಟಿಂಗ್ ಟ್ರಾಟ್ (ಏಳದೆ ಕೂತೇ) ಕೊನೆಗೆ. ಕೆಳಗೆ ಭಾರ ಎನಿಸಿದರೆ, ರಕ್ತ ಕಂಡರೆ ಇಳಿದುಬಿಡಿ, ಮತ್ತೆ ವೈದ್ಯರಿಗೆ ತೋರಿಸಿ.