ಕಾಫಿ ಹೌಸ್ ಅಂತ ಹುಡುಕಬೇಡಿ, ಸೆಸ್ ಕಮಿಟಿ ಅಂತ ಹುಡುಕಿ

'ಇಂಡಿಯನ್ ಕಾಫಿ ಹೌಸ್' ಅಂತ ಹಳೇ ಪೇಪರುಗಳಲ್ಲಿ ಎಷ್ಟು ಹುಡುಕಿದರೂ 1957ಕ್ಕಿಂತ ಹಿಂದಿನದು ಏನೂ ಸಿಗುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ ಅಂತ ಕೇಳಿದ್ದೀರಿ. ಹೆಸರಿನಲ್ಲೇ ತಪ್ಪಿದ್ದೀರಿ. ನಾನೂ ಅಲ್ಲೇ ಎಡವಿ ಎರಡು ಭಾನುವಾರ ಹಾಳು ಮಾಡಿಕೊಂಡವನು.

ಶುರುವಿನಲ್ಲಿ ಅದು 'ಇಂಡಿಯಾ ಕಾಫಿ ಹೌಸ್'. 'ಇಂಡಿಯನ್' ಆಗಿದ್ದು ಕೆಲಸಗಾರರ ಸಹಕಾರ ಸಂಘಗಳ ಕೈಗೆ ಬಂದ ಮೇಲೆ. ಬೆಂಗಳೂರಿನವರು ಆಮೇಲೂ 'ಇಂಡಿಯಾ' ಅಂತಲೇ ಬೋರ್ಡು ಹಾಕಿಕೊಂಡಿದ್ದರು. ಕಂಪ್ಯೂಟರಿಗೆ ಈ ಒಂದು ಅಕ್ಷರದ ವ್ಯತ್ಯಾಸ ಸಾಕು, ಕೈ ಎತ್ತಿಬಿಡುತ್ತದೆ. ಅದರ ಮೇಲೆ ಇಂಗ್ಲಿಷಿನ ಕಾಫಿಯಲ್ಲಿ ಬರುವ ಜೋಡಿ 'ಎಫ್' ಹಳೇ ಅಚ್ಚಿನಲ್ಲಿ ಅಂಟಿಕೊಂಡಿರುತ್ತದೆ, ಸ್ಕ್ಯಾನ್ ಆದ ಪುಟ ಓದುವ ಯಂತ್ರ ಅದನ್ನು ಇನ್ನೇನೋ ಓದಿಕೊಳ್ಳುತ್ತದೆ. ಹಾಗಾಗಿ ಕಾಫಿ ಬಿಟ್ಟು ಬರೀ 'ಸೆಸ್ ಕಮಿಟಿ' ಅಂತ ಕೊಟ್ಟು ನೋಡಿ.

ಸೆಸ್ ಅಂದರೆ ಒಂದು ಉದ್ದೇಶಕ್ಕೆಂದೇ ಹಾಕುವ ತೆರಿಗೆ. ಅದು ಯಾಕೆ ಅಂದರೆ, ಈ ಕಾಫಿ ಹೌಸ್‌ಗಳನ್ನು ಶುರು ಮಾಡಿದ್ದು ಯಾವ ಹೋಟೆಲ್ ಮಾಲೀಕನೂ ಅಲ್ಲ. 1930ರ ದಶಕದಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತು. 1935ರಲ್ಲಿ ಕಾನೂನು ಮಾಡಿ ಕಾಫಿಯ ಮೇಲೆ ಸೆಸ್ ಹಾಕಿದರು. ಆ ದುಡ್ಡಿನಲ್ಲಿ ಜನರಿಗೆ ಕಾಫಿ ರುಚಿ ಹತ್ತಿಸುವ ಕೆಲಸ ಸೆಸ್ ಕಮಿಟಿಗೆ ಬಂತು. 1936ರಲ್ಲಿ ಬೊಂಬಾಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಅಂದಿನ ಪತ್ರಿಕೆಗಳ ಕಣ್ಣಿಗೆ ಅದು ಹರಟೆಕಟ್ಟೆ ಅಲ್ಲ, ಸರ್ಕಾರಿ ಪ್ರಚಾರದ ಅಂಗಡಿ. ಆದ್ದರಿಂದ ಊರಿನ ಸುದ್ದಿಗಿಂತ ವ್ಯಾಪಾರದ ಪುಟ ನೋಡಿ, ಅಲ್ಲೇ ಮೂಲೆಯಲ್ಲಿ ನಾಲ್ಕು ಸಾಲು ಇರುತ್ತದೆ. 1940ರಿಂದ 'ಮಾರ್ಕೆಟ್ ಎಕ್ಸ್‌ಪ್ಯಾನ್ಷನ್ ಬೋರ್ಡ್' ಅಂತ ಹುಡುಕಿ. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿ, ಬೆಳೆದ ಕಾಫಿಯನ್ನೆಲ್ಲ ಇಲ್ಲೇ ಕುಡಿಸಬೇಕಾಗಿ ಬಂದ ಕಾಲ ಅದು. ಮುಂದೆ ಅದೇ ಕಾಫಿ ಬೋರ್ಡ್ ಆಯಿತು.

ಇನ್ನು 1957. ಕಾಫಿ ಹೌಸ್‌ಗಳನ್ನು ಮುಚ್ಚಲು ಬೋರ್ಡ್ ಹೊರಟಿತು, ಕೆಲಸಗಾರರು ಬೀದಿಗೆ ಬೀಳುವ ಹಾಗಾಯಿತು. ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಈ ಕೆಲಸಗಾರರ ಬೆನ್ನಿಗೆ ನಿಂತರು. ಅಂಗಡಿಗಳನ್ನು ನಮಗೇ ಕೊಡಿ ಅಂತ ಕೆಲಸಗಾರರು ಪಟ್ಟು ಹಿಡಿದರು. ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಆಗಸ್ಟ್ 19ಕ್ಕೆ. ವರ್ಷ ಮುಗಿಯುವುದರೊಳಗೆ ದೆಹಲಿಯಲ್ಲೂ ಆಯಿತು. ಇದಕ್ಕೆ ಕಾರ್ಮಿಕ ಸುದ್ದಿಗಳನ್ನು ನೋಡಬೇಕು, 'ರಿಟ್ರೆಂಚ್‌ಮೆಂಟ್' (ಕೆಲಸದಿಂದ ತೆಗೆಯುವುದು) ಅನ್ನುವ ಪದ ಹಾಕಿ. ಗೋಪಾಲನ್ ಸಂಸದರಾಗಿದ್ದವರು, ಹಾಗಾಗಿ ಲೋಕಸಭೆಯ ಹಳೇ ಚರ್ಚೆಗಳನ್ನೂ ಬಿಡಬೇಡಿ. ಅವು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಊರು, ರಸ್ತೆಗಳ ಹೆಸರಲ್ಲೂ ಎಚ್ಚರ. ಬೆಂಗಳೂರಿನ ಎಂ.ಜಿ. ರೋಡ್ 1948ರವರೆಗೆ ಸೌತ್ ಪರೇಡ್. 1973ರ ನವೆಂಬರ್‌ಗೆ ಮೊದಲು ಕರ್ನಾಟಕ ಅಂತ ಹುಡುಕಿ ಪ್ರಯೋಜನ ಕಡಿಮೆ, ಆಗ ರಾಜ್ಯದ ಹೆಸರು ಮೈಸೂರು. ಕಾಫಿ ರೇಟು ನೋಡುವಾಗ 1957ರ ಏಪ್ರಿಲ್ ನೆನಪಿರಲಿ. ಅಲ್ಲಿಯವರೆಗೆ ಆಣೆ, ಆಮೇಲೆ ನಯಾ ಪೈಸೆ. ಆಣೆಗೆ ಆರೂಕಾಲು ಪೈಸೆ ಅಂತ ಲೆಕ್ಕ ಹಾಕದಿದ್ದರೆ ಒಂದೇ ವರ್ಷದಲ್ಲಿ ಕಾಫಿ ಆರು ಪಟ್ಟು ತುಟ್ಟಿ ಆದ ಹಾಗೆ ಕಾಣುತ್ತದೆ!

ಎಲ್ಲಿ ಹುಡುಕೋದು ಅಂದರೆ, ಗೂಗಲ್ ನ್ಯೂಸ್ ಆರ್ಕೈವ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಹಳೇ ಪುಟಗಳಿವೆ. ಅಲ್ಲಿಯ ಹುಡುಕಾಟ ನಂಬಬೇಡಿ, ಸುಮ್ನೆ ತಾರೀಖು ಹಿಡಿದು ಪುಟ ತಿರುವಿ. ಕನ್ನಡದಲ್ಲಿ ಬೇಕು ಅಂದರೆ ಪ್ರಜಾವಾಣಿ 1948ರಿಂದ ಮಾತ್ರ. ಅದಕ್ಕೂ ಹಿಂದಿನದಕ್ಕೆ ತಾಯಿನಾಡು, ಸಂಯುಕ್ತ ಕರ್ನಾಟಕ. ಅವಕ್ಕೆ ಲೈಬ್ರರಿಗೇ ಹೋಗಬೇಕು.

ನೆನಪಿನ ಲೇಖನಗಳನ್ನು ಮಾತ್ರ ಜಾಸ್ತಿ ನೆಚ್ಚಿಕೊಳ್ಳಬೇಡಿ. 2009ರಲ್ಲಿ ಎಂ.ಜಿ. ರೋಡಿನ ಕಾಫಿ ಹೌಸ್ ಚರ್ಚ್ ಸ್ಟ್ರೀಟಿಗೆ ಹೋದಾಗ ಇಂಥವು ಸಾಲುಸಾಲಾಗಿ ಬಂದವು. ಓದಲು ಚೆಂದ, ಕಣ್ಣು ಒದ್ದೆಯಾಗುತ್ತದೆ. ಆದರೆ ಇಸವಿಗಳನ್ನು ಒಬ್ಬರು ಬರೆದದ್ದು ನೋಡಿ ಇನ್ನೊಬ್ಬರು ಬರೆದಿರುತ್ತಾರೆ.

ಲೈಬ್ರರಿಗೆ ಹೋದರೆ ಬೈಂಡ್ ಮಾಡಿದ ಸಂಪುಟ ಕೊಡುತ್ತಾರೆ. ಹೊಲಿಗೆ ಪಕ್ಕದ ಕಾಲಂ ಒಳಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಓದಲು ಎಳೆಯಬೇಡಿ, ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಫೋಟೊಗೆ ಒಪ್ಪಿಗೆ ಸಿಕ್ಕರೆ ಮೊದಲು ಪುಟದ ತಲೆಯಲ್ಲಿರುವ ತಾರೀಖಿನ ಫೋಟೊ, ಆಮೇಲೆ ಸುದ್ದಿಯದ್ದು. ನನ್ನ ಫೋನಿನಲ್ಲಿ ಇವತ್ತಿಗೂ ಮೂವತ್ತು ಚಿಲ್ಲರೆ ತುಣುಕುಗಳಿವೆ. ಒಂದಕ್ಕೂ ತಾರೀಖಿಲ್ಲ.